ಸರೇಸು ಕಾಯಿಸುವ ವಿಧಾನ

ನಾನು ಬಿ.ಎಸ್ಸಿ. ಪಾಸು ಮಾಡಿದ ವರ್ಷವೇ ಅಪ್ಪನ ಕೆಲಸ ಹೋಯಿತು. ಎರಡೂ ಆದದ್ದು ಒಂದೇ ನೋಟ್‌ಬುಕ್ಕಿನಿಂದ. ಅದನ್ನು ಬರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮರ್ಫಿ ಟೌನಿನ ನಮ್ಮ ಬೀದಿಯಲ್ಲಿ ಈ ಕಥೆಯನ್ನು ಬೇರೆ ಬೇರೆ ಥರ ಹೇಳುವವರಿದ್ದಾರೆ. ಅಪ್ಪ ಕೆಲಸಕ್ಕಿದ್ದ ಶೆಡ್ಡಿನ ಓನರ್ ಕೈಕೊಟ್ಟ ಅಂತಾರೆ, ಡಬ್ಬಿಯಲ್ಲಿ ಬಿಳಿ ಅಂಟು ಬಂದು ಹಳೆಯದಕ್ಕೆ ಬೆಲೆ ಇಲ್ಲದಾಯಿತು ಅಂತಾರೆ, ಅಪಾರ್ಟ್‌ಮೆಂಟಿನವರು ದೂರು ಕೊಟ್ಟರು ಅಂತಾರೆ. ಎಲ್ಲವೂ ಸ್ವಲ್ಪ ಸ್ವಲ್ಪ ನಿಜ. ಆದರೆ ಓನರ್ ಕೈಗೆ ಆ ಪುಸ್ತಕ ಕೊಟ್ಟವಳು ನಾನೇ, ಅದೂ ನಗುನಗುತ್ತಾ.

ಅಪ್ಪ ಸರೇಸು ಕಾಯಿಸುತ್ತಿದ್ದ. ಸರೇಸು ಅಂದರೆ ತೊಗಲಿನ ಅಂಟು. ಜೇನುಬಣ್ಣದ, ಗಾಜಿನ ಹಾಗೆ ಟಣ್ ಅನ್ನುವ ಬಿಲ್ಲೆಗಳು. ಬಡಗಿಗಳು ಅದನ್ನು ಒಡೆದು, ನೆನೆಹಾಕಿ, ಬಿಸಿ ಮಾಡಿ ಮರಕ್ಕೆ ಬಳಿಯುತ್ತಾರೆ. ಉಪ್ಪುಕಾಗದ ಮಾಡುವವರು, ಹಾರ್ಮೋನಿಯಂ ರಿಪೇರಿಯವರು, ಹಳೆಯ ಬಂಗಲೆಗಳ ಕುರ್ಚಿ ಮೇಜು ಸರಿಮಾಡುವವರು ಈಗಲೂ ಕೇಳಿಕೊಂಡು ಬರುತ್ತಾರೆ. ಶಿವಾಜಿನಗರದ ಮಾಂಸದ ಮಾರ್ಕೆಟ್ಟಿನಿಂದ ಕಿವಿ, ಬಾಲ, ನರ ಬರುತ್ತಿದ್ದವು. ತೊಗಲು ಹದ ಮಾಡುವ ಕಡೆಯಿಂದ ಕತ್ತರಿಸಿ ಬಿಸಾಡಿದ ಹಸಿ ಅಂಚುಗಳು ಬರುತ್ತಿದ್ದವು. ಗರುಡಾಚಾರ್‌ಪಾಳ್ಯದ ಹಿಂದೆ ಒಂದು ಉದ್ದನೆಯ ಶೀಟಿನ ಶೆಡ್ಡು. ಅದರಲ್ಲಿ ಅವನ್ನೆಲ್ಲ ವಾರಗಟ್ಟಲೆ ಸುಣ್ಣದ ತೊಟ್ಟಿಯಲ್ಲಿ ನೆನೆಸಿ, ತೊಳೆದು, ದೊಡ್ಡ ಕಡಾಯಿಯಲ್ಲಿ ಕಾಯಿಸಿ, ಸೋಸಿ, ತಟ್ಟೆಗೆ ಸುರಿದು, ತಂತಿಯಲ್ಲಿ ಕೊಯ್ದು, ಬಲೆಯ ಮೇಲೆ ಒಣಗಿಸುತ್ತಿದ್ದರು. ಕಡಾಯಿಯ ಹತ್ತಿರ ನಿಂತು ‘ಈಗ’ ಅನ್ನುವವನು ಅಪ್ಪ. ಅವನನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು.

ವಾಸನೆಯ ಬಗ್ಗೆ ನಾನು ಬರೆಯುವುದಿಲ್ಲ. ಜನ ಮೊದಲು ಅದನ್ನೇ ಕೇಳುತ್ತಾರೆ, ಕೇಳಿ ಮುಖ ಹಿಂಡುತ್ತಾರೆ, ಹಿಂಡಿದ ಮೇಲೆ ಪಾಪ ಅನ್ನುತ್ತಾರೆ. ಆ ಕೆಲಸದಲ್ಲಿ ವಾಸನೆ ಎಲ್ಲಕ್ಕಿಂತ ಸಣ್ಣ ವಿಷಯ. ದೊಡ್ಡ ವಿಷಯ ಸುಣ್ಣ. ನೆನೆಸುವಾಗ ಸುಣ್ಣ ಬೇಕೇ ಬೇಕು, ಕಾಯಿಸುವಾಗ ಒಂದಿಷ್ಟೂ ಇರಬಾರದು. ತೊಗಲಿನ ಹೊರಗೆ ತೊಳೆದರೆ ಹೋಗುತ್ತದೆ. ದಪ್ಪ ತುಂಡಿನ ಒಳಗೆ ಕೂತದ್ದು ಹೋಗುವುದಿಲ್ಲ. ಅದು ಉಳಿದ ತೊಗಲನ್ನು ಕಡಾಯಿಗೆ ಹಾಕಿದರೆ ಇಡೀ ಕಡಾಯಿಯ ಸರೇಸು ಮಬ್ಬಾಗುತ್ತದೆ, ಅಂಟುವ ಶಕ್ತಿ ಹೋಗುತ್ತದೆ. ಒಳಗೆ ಉಳಿದಿದೆಯೋ ಇಲ್ಲವೋ ಎಂದು ಅಪ್ಪ ಹೇಗೆ ನೋಡುತ್ತಿದ್ದ ಅಂದರೆ, ತೊಟ್ಟಿಯಿಂದ ಎಲ್ಲಕ್ಕಿಂತ ದಪ್ಪ ತುಂಡು ಆರಿಸಿ, ಅಡ್ಡಲಾಗಿ ಕೊಯ್ದು, ಕೊಯ್ದ ಜಾಗಕ್ಕೆ ನಾಲಿಗೆಯ ತುದಿ ಇಡುತ್ತಿದ್ದ. ಚುರ್ರೆಂದರೆ ಇನ್ನೊಂದು ನೀರಿನಲ್ಲಿ ತೊಳೆಯುವುದು. ಇಲ್ಲದಿದ್ದರೆ ಕಡಾಯಿಗೆ.

ಇಪ್ಪತ್ತೈದು ವರ್ಷ ಹೀಗೆ ಮಾಡಿದವನ ನಾಲಿಗೆ ಏನಾಗುತ್ತದೆ? ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದೆಯೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಅಮ್ಮ ಅವನ ತಟ್ಟೆಗೆ ಬೇರೆ ಉಪ್ಪು ಉದುರಿಸುತ್ತಿದ್ದಳು. ಸುಣ್ಣ ಮಾತ್ರ ತಿಳಿಯುತ್ತಿತ್ತು.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಕೆಮಿಸ್ಟ್ರಿ ತಗೊಂಡೆ. ಯಾರೂ ಹೇಳಿ ತಗೊಂಡದ್ದಲ್ಲ. ಸೋಪು ಮಾಡುವುದು, ಸುಣ್ಣ ಸುಡುವುದು, ಎಲ್ಲ ಪುಸ್ತಕದಲ್ಲಿ ಇದೆ ಅಂತ ಗೊತ್ತಾದಾಗ ನಮ್ಮ ಮನೆಯ ಕೆಲಸವೂ ಎಲ್ಲೋ ಇರಬೇಕು ಅನ್ನಿಸಿತು. ಹಲಸೂರಿನ ಲೈಬ್ರರಿಯಲ್ಲಿ ಕೂತು ಓದಿದ್ದೇನೆ, ಬಸ್ಸಿನಲ್ಲಿ ನಿಂತು ಓದಿದ್ದೇನೆ, ಮೆಟ್ರೊ ಕೆಲಸದ ಧೂಳಿನಲ್ಲಿ ದುಪಟ್ಟಾ ಮುಖಕ್ಕೆ ಕಟ್ಟಿಕೊಂಡು ನಡೆದುಕೊಂಡು ಬಾಯಿಪಾಠ ಮಾಡಿದ್ದೇನೆ. ಆ ಡಿಗ್ರಿಯನ್ನು ನಾನು ಇವತ್ತಿಗೂ ಹಗುರ ಮಾಡಿ ಮಾತಾಡುವುದಿಲ್ಲ. ಅದನ್ನು ಯಾರೂ ನನಗೆ ಕೊಡಲಿಲ್ಲ.

ಕೊನೆಯ ವರ್ಷ ಪ್ರಾಜೆಕ್ಟ್ ಮಾಡಬೇಕಿತ್ತು. ಬೇರೆಯವರು ಟೀ ಎಲೆಯಿಂದ ಕೆಫೀನ್ ತೆಗೆಯುತ್ತೇವೆ, ಕೆರೆ ನೀರು ಪರೀಕ್ಷೆ ಮಾಡುತ್ತೇವೆ ಅಂತ ಬರೆದುಕೊಟ್ಟರು. ನಾನು ತೊಗಲಿನಿಂದ ಜೆಲಟಿನ್ ಮತ್ತು ಅಂಟು ತೆಗೆಯುವ ಕ್ರಮ ಅಂತ ಬರೆದೆ. ನಮ್ಮ ಲೆಕ್ಚರರ್ ಕನ್ನಡಕ ಮೇಲೆತ್ತಿ, ಎಲ್ಲಿ ಮಾಡ್ತೀಯಮ್ಮ ಇದನ್ನ ಅಂದರು. ನಮ್ಮಪ್ಪನ ಹತ್ತಿರ ಅಂದೆ. ಕ್ಲಾಸಿನಲ್ಲಿ ಇಬ್ಬರು ಮೂವರು ತಿರುಗಿ ನೋಡಿದರು. ನೋಡಲಿ ಅಂತ ನಾನೂ ಅವರನ್ನೇ ನೋಡಿದೆ.

ಕಾಲೇಜಿಗೆ ಒಪ್ಪಿಗೆ ಪತ್ರ ಬೇಕಿತ್ತು. ಶೆಡ್ಡಿನ ಓನರ್ ಕೊಟ್ಟರು. ಕೆಟ್ಟ ಮನುಷ್ಯ ಅಲ್ಲ. ಒಂದು ಸಲವೂ ಅಪ್ಪನ ಮೇಲೆ ಧ್ವನಿ ಏರಿಸಿದವರಲ್ಲ. ನನಗೆ ಕುರ್ಚಿ ಹಾಕಿಸಿದರು, ಟೀ ತರಿಸಿದರು, ನಿಮ್ಮಂಥ ಮಕ್ಕಳು ಮುಂದೆ ಬರಬೇಕು ಅಂದರು. ಮುಗಿದ ಮೇಲೆ ಒಂದು ಕಾಪಿ ನಮ್ಮ ಫೈಲಿಗೂ ಕೊಡು ಅಂದರು. ಕೊಡುತ್ತೇನೆ ಸಾರ್ ಅಂದೆ. ಅಪ್ಪ ಅಷ್ಟು ಹೊತ್ತೂ ನಿಂತೇ ಇದ್ದ.

ಒಂದು ಭಾನುವಾರ ಕಾಲೇಜಿನ ಲ್ಯಾಬಿನಿಂದ ಫಿನಾಲ್ಫ್ತಲೀನ್ ಅನ್ನುವ ದ್ರಾವಣ ಸ್ವಲ್ಪ ಕೇಳಿ ತಂದು ಶೆಡ್ಡಿಗೆ ಹೋದೆ. ಸುಣ್ಣ ಇರುವ ಕಡೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಪ್ಪ ಒಂದು ದಪ್ಪ ತುಂಡು ಕೊಯ್ದು ನಾಲಿಗೆ ಇಟ್ಟು, ಅಂಚಲ್ಲಿ ಹೋಗಿದೆ, ನಡುವೆ ಇನ್ನೂ ಇದೆ ಅಂದ. ನಾನು ಅದೇ ಕೊಯ್ತದ ಇನ್ನೊಂದು ಮುಖಕ್ಕೆ ಎರಡು ಹನಿ ಬಿಟ್ಟೆ. ಅಂಚು ಬೆಳ್ಳಗೇ ಉಳಿಯಿತು. ನಡುವೆ ಒಂದು ಗುಲಾಬಿ ಗೆರೆ ಎದ್ದಿತು. ಇನ್ನೊಂದು ತುಂಡು ಕೊಯ್ದ. ನಾಲಿಗೆ ಏನು ಹೇಳಿತೋ ಹನಿಯೂ ಅದನ್ನೇ ಹೇಳಿತು. ಮಧ್ಯಾಹ್ನದವರೆಗೂ ಹಾಗೇ ಆಡಿದೆವು.

“ನೋಡಿದ್ಯೇನಮ್ಮ, ನಿನ್ ಕಾಲೇಜು ನನ್ ಬಾಯಲ್ಲೇ ಇತ್ತು,” ಅಂತ ನಕ್ಕ. ಅಪ್ಪ ಹಾಗೆ ನಕ್ಕದ್ದನ್ನು ನಾನು ಹೆಚ್ಚು ನೋಡಿಲ್ಲ.

ಅವತ್ತೇ ನಾನು ಅಪ್ಪ ಹೇಳಿದ್ದನ್ನೆಲ್ಲ ಬರೆದುಕೊಳ್ಳಬೇಕು ಅಂತ ತೀರ್ಮಾನ ಮಾಡಿದೆ. ಕಾಲೇಜಿಗೆ ಇಂಗ್ಲಿಷಿನಲ್ಲಿ ಬೇಕಿತ್ತು. ಆದರೆ ಅಪ್ಪನಿಗೆ ಓದಿ ಹೇಳಿ ಸರಿಯಾ ಅಂತ ಕೇಳಬೇಕಲ್ಲ, ಅದಕ್ಕೆ ಮೊದಲು ಕನ್ನಡದಲ್ಲಿ ಬರೆದೆ. ಉದ್ದ ನೋಟ್‌ಬುಕ್ಕು. ಮೊದಲ ಹಾಳೆಯಲ್ಲಿ ‘ಸರೇಸು ಕಾಯಿಸುವ ವಿಧಾನ’ ಅಂತ ದೊಡ್ಡಕ್ಷರದಲ್ಲಿ ಬರೆದು, ಕೆಳಗೆ ‘ಹೇಳಿದವರು’ ಅಂತ ಬರೆದು ಜಾಗ ಬಿಟ್ಟು, ಅಪ್ಪನ ಕೈಗೆ ಪೆನ್ನು ಕೊಟ್ಟೆ. ಅವನಿಗೆ ಬರುತ್ತಿದ್ದ ಬರವಣಿಗೆ ಅಂದರೆ ಸಹಿ ಒಂದೇ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಬಾರದು ಅಂತ ನಾನು ಏಳನೇ ಕ್ಲಾಸಿನಲ್ಲಿದ್ದಾಗ ಕಲಿಸಿದ್ದೆ. ನಿಧಾನವಾಗಿ, ನಾಲ್ಕೂ ಅಕ್ಷರ ಬಿಡಿಬಿಡಿಯಾಗಿ ಬರೆದ.

ಎರಡು ತಿಂಗಳು ಪ್ರತಿ ಸಂಜೆ ಕೆಲಸದಿಂದ ಬಂದು, ಸ್ನಾನ ಮಾಡಿ, ಗೋಡೆಗೆ ಒರಗಿ ಕೂತು ಹೇಳುತ್ತಿದ್ದ. ನಾನು ಬರೆದು ಓದುತ್ತಿದ್ದೆ. ಅಪ್ಪ ತಪ್ಪು ತೆಗೆಯುತ್ತಿದ್ದ. ಸುಣ್ಣದಲ್ಲಿ ತೊಗಲು ಸಾಕಷ್ಟು ಮೆತ್ತಗಾದ ಮೇಲೆ ತೆಗೆಯಬೇಕು ಅಂತ ಬರೆದಿದ್ದೆ. ಅಲ್ಲೇ ನಿಲ್ಲಿಸಿದ.

“ಸಾಕಷ್ಟು ಅಂದ್ರೆ ಎಷ್ಟು? ನನ್ನ ಸಾಕು ಬೇರೆ, ಇನ್ನೊಬ್ಬನ ಸಾಕು ಬೇರೆ. ಹೆಬ್ಬೆಟ್ಟಿನ ಉಗುರಲ್ಲಿ ಒತ್ತು, ಗುರುತು ಹಾಗೇ ನಿಲ್ಲಬೇಕು ಅಂತ ಬರಿ. ಓದ್ದೋನು ನನ್ನ ಮುಖ ನೋಡ್ದೇನೇ ಮಾಡೋ ಹಂಗಿರ್ಬೇಕು.”

ಹಾಗೇ ಬರೆದೆ. ಕಡಾಯಿ ಕುದಿಯಬಾರದು, ಕುದಿದರೆ ಸರೇಸು ಸತ್ತಂತೆ ಅಂದ. ನಾನು ಥರ್ಮಾಮೀಟರ್ ಇಟ್ಟು ನೋಡಿ ಎಷ್ಟು ಬಿಸಿ ಅಂತ ಪಕ್ಕದಲ್ಲಿ ಬರೆದೆ. ಅದೇ ತೊಗಲನ್ನು ಮತ್ತೆ ಮತ್ತೆ ಕಾಯಿಸಿ ತೆಗೆಯುವ ಮೊದಲ ನೀರು, ಎರಡನೇ ನೀರು, ಮೂರನೆಯದನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು, ಎಲ್ಲ. ನಾಲಿಗೆ ಇಡುವ ಕಡೆ ನನ್ನ ದ್ರಾವಣದ ಹೆಸರು ಬರೆದು, ಎಲ್ಲಿ ಸಿಗುತ್ತದೆ, ಎಷ್ಟು ಹನಿ ಬಿಡಬೇಕು ಅಂತಲೂ ಬರೆದೆ. ಇನ್ನು ಮುಂದೆ ಯಾರೂ ನಾಲಿಗೆ ಸುಟ್ಟುಕೊಳ್ಳಬೇಕಾಗಿಲ್ಲ ಅನ್ನುವುದು ನನ್ನ ಹೆಮ್ಮೆ. ಮಳೆಗಾಲದ ತೇವಕ್ಕೆ ಬಲೆಯ ಮೇಲಿನ ಬಿಲ್ಲೆ ಕರಗಿ ಜೋತುಬೀಳದ ಹಾಗೆ ಹೇಗೆ ಒಣಗಿಸಬೇಕು ಅನ್ನುವುದಕ್ಕೇ ಒಂದು ಪೂರ್ತಿ ಹಾಳೆ ಆಯಿತು. ಆ ಕೆಲಸ ಗೊತ್ತಿದ್ದವರು ಪೂರ್ವ ಬೆಂಗಳೂರಿನಲ್ಲಿ ಅಪ್ಪನನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ ಅಂತ ಶೆಡ್ಡಿನವರೇ ಹೇಳುತ್ತಿದ್ದರು.

ಫಸ್ಟ್ ಕ್ಲಾಸ್ ಬಂತು. ಪ್ರಾಜೆಕ್ಟಿಗೆ ಎಲ್ಲರಿಗಿಂತ ಹೆಚ್ಚು ಅಂಕ. ಇಂಗ್ಲಿಷಿನ ಕಾಪಿಯನ್ನು ಬೈಂಡ್ ಮಾಡಿಸಿ ಓನರಿಗೆ ಕೊಡಲು ಹೋದೆ. ಪುಟ ತಿರುಗಿಸಿ ನೋಡಿ, ಇದು ಫೈಲಿಗೆ ಆಯ್ತು, ಮೇಸ್ತ್ರಿ ಹೇಳ್ತಿದ್ರು ಕನ್ನಡದಲ್ಲೂ ಬರೆದಿದೀಯಂತೆ, ಅದನ್ನೂ ಕೊಡಮ್ಮ, ನಮ್ಮ ಕೆಲಸದವರಿಗೆ ಉಪಯೋಗ ಆಗುತ್ತೆ ಅಂದರು. ಬ್ಯಾಗಿನಲ್ಲೇ ಇತ್ತು. ತೆಗೆದು ಕೊಟ್ಟೆ. ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಕೊಡಿ ಅನ್ನಬೇಕು ಅಂತಲೂ ಹೊಳೆಯಲಿಲ್ಲ. ನಮ್ಮ ಕಡೆಯವರು ಬರೆದದ್ದನ್ನು ಒಬ್ಬ ಓನರ್ ಕೇಳಿ ತಗೊಳ್ಳುತ್ತಿದ್ದಾರಲ್ಲ, ಆ ಖುಷಿಯೇ ದೊಡ್ಡದಾಗಿತ್ತು. ಓದಿದವರ ಮನೆಯಲ್ಲಿ ಹುಟ್ಟಿದವಳಾಗಿದ್ದರೆ ಕೊಡುತ್ತಿರಲಿಲ್ಲ. ಬರೆದ ಕಾಗದಕ್ಕೆ ಏನು ಮಾಡುವ ಶಕ್ತಿ ಇದೆ ಅಂತ ಅವರಿಗೆ ಹುಟ್ಟಿದಾಗಿನಿಂದ ಗೊತ್ತಿರುತ್ತದೆ.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಅಪ್ಪ ಸಿಹಿ ತಗೊಂಡು ಬಂದ. ಓನರ್ ಅವನನ್ನು ಕೂರಿಸಿಕೊಂಡು, ಮಗಳು ಓದಿ ದೊಡ್ಡವಳಾದಳು, ಇನ್ನು ಸಾಕು ಮೇಸ್ತ್ರಿ, ಮನೆಯಲ್ಲಿ ಆರಾಮಾಗಿರಿ, ಬೇಕಾದಾಗ ಕರೀತೀನಿ ಅಂದರಂತೆ. ಅಪ್ಪ ಅದನ್ನು ಮರ್ಯಾದೆ ಅಂದುಕೊಂಡಿದ್ದ. ಎರಡು ದಿನ ಬೀದಿಯವರಿಗೆಲ್ಲ ಹಾಗೇ ಹೇಳಿದ. ಮೂರನೇ ದಿನ ಬೆಳಿಗ್ಗೆ ಎದ್ದು ಶರ್ಟು ಹಾಕಿಕೊಂಡು ಬಾಗಿಲ ತನಕ ಹೋಗಿ, ಅಲ್ಲೇ ನಿಂತು, ಒಳಗೆ ಬಂದ. ಆಗ ಅವನಿಗೂ ಅರ್ಥವಾಯಿತು. ಅಮ್ಮ ನನ್ನ ಕಡೆ ಒಂದು ಸಲ ನೋಡಿದಳು, ಅಷ್ಟೇ.

ಕರೆ ಬರಲಿಲ್ಲ. ಅಪ್ಪ ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆದ. ಖಾಕಿ ಶರ್ಟು ಕೊಟ್ಟರು, ಒಂದು ಸೈಜು ದೊಡ್ಡದು. ನನಗೆ ಹಲಸೂರಿನ ಒಂದು ಪ್ರೈವೇಟ್ ಸ್ಕೂಲಿನಲ್ಲಿ ಸೈನ್ಸ್ ಟೀಚರ್ ಕೆಲಸ ಸಿಕ್ಕಿತು.

ನಾನು ಒಂದು ವಿಷಯಕ್ಕೆ ಕಾಯುತ್ತಿದ್ದೆ. ಕಡಾಯಿ ಕೆಡಬೇಕು ಅಂತ. ಪುಸ್ತಕ ನೋಡಿಕೊಂಡು ಯಾರೂ ಮಾಡಲಾರರು, ಕೈಗೆ ಮಾತ್ರ ಗೊತ್ತಿರುವ ಏನೋ ಒಂದು ಉಳಿದೇ ಇರುತ್ತದೆ, ಓನರ್ ಕಾರು ನಮ್ಮ ಬೀದಿಗೆ ಬರುತ್ತದೆ, ಮೇಸ್ತ್ರಿ ಬನ್ನಿ ಅನ್ನುತ್ತಾರೆ ಅಂತ. ನೆಂಟರೂ ಹಾಗೇ ಸಮಾಧಾನ ಹೇಳುತ್ತಿದ್ದರು. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಏನೂ ಉಳಿದಿರಲಿಲ್ಲ. ಅಪ್ಪ ಒಂದು ಚೂರೂ ಬಿಡದೆ ಹೇಳಿದ್ದ, ನಾನು ಒಂದು ಚೂರೂ ಬಿಡದೆ ಬರೆದಿದ್ದೆ.

ಮುಂದಿನ ಮಳೆಗಾಲ. ಭಾನುವಾರ ಸಂಜೆ. ಬಾಗಿಲಲ್ಲಿ ಒಬ್ಬ ಮೂವತ್ತು ದಾಟಿದ ಗಂಡಸು ನಿಂತಿದ್ದ, ಕೈಯಲ್ಲಿ ಪ್ಲಾಸ್ಟಿಕ್ ಕವರು. ಯಾದಗಿರಿ ಕಡೆಯವನು, ಹೆಂಡತಿ ಜೊತೆ ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ರೂಮು, ಮೊದಲು ಶೆಡ್ಡಿನಲ್ಲಿ ತೊಗಲು ತೊಳೆಯುತ್ತಿದ್ದನಂತೆ. ಈಗ ಕಡಾಯಿ ಅವನದೇ. ಅಪ್ಪನ ಕಾಲು ಮುಟ್ಟಲು ಬಗ್ಗಿದ. ಅಪ್ಪ ಹಿಂದೆ ಸರಿದ.

“ಅಕ್ಕಾರ, ನೀವು ಭಾಳ ಚೊಲೊ ಬರದೀರಿ,” ಅಂದ ನನಗೆ. “ನೋಡಕೊಂತ ಮಾಡಿದ್ರ ಒಂದೂ ತಪ್ಪಂಗಿಲ್ರಿ. ಈ ಮಳಿಗಾಲದ ಹಾಳಿ ಮ್ಯಾಲ ಸುಣ್ಣದ ನೀರು ಬಿದ್ದು ಅಕ್ಷರ ಹೋಗ್ಯಾವ. ಬಿಲ್ಲಿ ಎಲ್ಲಾ ಕರಗಿ ಬಲಿಯಾಗ ಇಳೀಲಿಕತ್ಯಾವ. ಏನ್ ಬರದಿದ್ರಿ ಹೇಳ್ರಿ.”

ಕವರಿನಿಂದ ಹಾಳೆಗಳನ್ನು ತೆಗೆದ. ನನ್ನ ನೋಟ್‌ಬುಕ್ಕಿನ ಹಾಳೆಗಳೇ. ಬಿಡಿಸಿ, ತೂತು ಹೊಡೆದು, ದಾರ ಕಟ್ಟಿ ಗೋಡೆಗೆ ನೇತುಹಾಕಿದ್ದರಂತೆ. ಅಪ್ಪ ಕೈ ಚಾಚಿ ಆ ಕಟ್ಟು ಇಸಕೊಂಡ. ಮೊದಲ ಹಾಳೆ ನೋಡಿದ. ಅದನ್ನು ಎತ್ತಿ ಹಿಂದೆ ನೋಡಿದ. ಕೊನೆಯ ಹಾಳೆ ನೋಡಿದ. ಅವನು ಹುಡುಕುತ್ತಿದ್ದದ್ದು ಏನು ಅಂತ ನನಗೆ ತಿಳಿಯಿತು. ಅವನಿಗೆ ಓದಲು ಬರುತ್ತಿದ್ದ ನಾಲ್ಕು ಅಕ್ಷರ ಇದ್ದ ಹಾಳೆ ಅದರಲ್ಲಿ ಇರಲಿಲ್ಲ. ಕೆಲಸಕ್ಕೆ ಬೇಕಾದ್ದು ಎರಡನೇ ಹಾಳೆಯಿಂದ ಶುರುವಾಗುತ್ತಿತ್ತು. ಯಾರೋ ಬೇಡದ್ದನ್ನು ತೆಗೆದುಬಿಟ್ಟಿದ್ದರು. ಅಪ್ಪ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡ.

ನಾನು ಬಾಯಿ ತೆರೆದೆ. ತಟ್ಟೆಗೆ ಎರಡು ಬೆರಳು ದಪ್ಪ ಸುರಿಯಬೇಕು, ಮೂರು ದಿನ ಬಲೆ ಮುಟ್ಟಬಾರದು ಅಂದೆ. ಮನಸ್ಸಿನಲ್ಲಿ ಯೋಚಿಸಿಯೇ ಅಂದೆ. ಹಾಗೆ ಮಾಡಿದರೆ ಒಂದು ವಾರದಲ್ಲಿ ಶೆಡ್ಡಿನ ತುಂಬ ಕೊಳೆತ ಅಂಟು. ಆಮೇಲೆ ಓನರ್ ಕಾರು ಬರಲೇಬೇಕು. ಎದುರಿಗಿದ್ದವನ ಕೆಲಸ ಹೋಗುತ್ತದೆ ಅಂತಲೂ ಗೊತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಅವನು ತಲೆ ಅಲ್ಲಾಡಿಸುತ್ತಾ ಕೇಳಿಸಿಕೊಂಡ. ಅಪ್ಪ ನನ್ನ ಕಡೆ ನೋಡದೆ ಅವನಿಗೆ ಹೇಳಿದ.

“ಅವ್ಳಿಗೆ ಮರ್ತೋಗಿದೆ. ಎರಡಲ್ಲ, ಅರ್ಧ ಬೆರಳು. ಸುರಿಯೋಕ್ ಮುಂಚೆ ಇನ್ನೂ ಗಟ್ಟಿ ಇಂಗಿಸ್ಬೇಕು. ಒಂದು ಹನಿ ತಣ್ಣೀರಿನ ಲೋಟಕ್ಕೆ ಬಿಡು, ತಳ ಮುಟ್ಟೋವರ್ಗೂ ಗುಂಡಗೇ ಇರ್ಬೇಕು. ಬಿಲ್ಲೆ ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ತಿರುಗಿಸ್ಬೇಕು.” ಆಮೇಲೆ ನನಗೆ, “ಬರ್ಕೊಡು,” ಅಂದ.

ಬರೆದುಕೊಟ್ಟೆ. ಓದು ಅಂದ, ಓದಿದೆ. ಬಲೆಯನ್ನು ಗಾಳಿ ಬರುವ ಕಡೆಗೆ ಅಡ್ಡವಾಗಿ ಕಟ್ಟಬೇಕು ಅನ್ನುವುದು ಬಿಟ್ಟುಹೋಗಿದೆ ಅಂದ, ಸೇರಿಸಿದೆ. ಯಾದಗಿರಿಯವನು ಹಾಳೆಯನ್ನು ಮಡಚದೆ ಕವರಿನೊಳಗೆ ಇಟ್ಟುಕೊಂಡು, ಅಮ್ಮ ಕೊಟ್ಟ ಟೀ ಕುಡಿದು, ಬರ್ತೀನ್ರಿ ಮೇಸ್ತ್ರಿ ಅಂತ ಕೈಮುಗಿದು ಹೋದ.

ಅವನು ಬೀದಿ ತಿರುಗುವ ತನಕ ತಡೆದುಕೊಂಡೆ. ಆಮೇಲೆ ಅಪ್ಪನ ಮೇಲೆ ಕೂಗಾಡಿದೆ. ನಿನ್ನ ಹೆಸರು ಕೂಡ ಕಿತ್ತು ಎಸೆದಿದ್ದಾರೆ, ಯಾರಿಗೋಸ್ಕರ ಹೇಳಿದೆ, ಖಾಕಿ ಶರ್ಟು ಅಷ್ಟು ಚೆನ್ನಾಗಿದೆಯಾ ಅಂತೆಲ್ಲ ಅಂದೆ. ಕೊನೆಯದನ್ನು ಅನ್ನಬಾರದಿತ್ತು.

“ಹೆಸ್ರು ಇಲ್ದಿದ್ರೂ ಅದು ನಾನ್ ಹೇಳಿದ್ದೇ ಅಲ್ವಾ,” ಅಂದ. “ನಾನ್ ಹೇಳಿದ್ದು ಅಲ್ಲಿ ತಪ್ಪಾಗಿ ಇರ್ಬಾರ್ದು.”

ಇದನ್ನು ಕೇಳಿದವರು ಎಂಥಾ ಮನುಷ್ಯ ಅನ್ನುತ್ತಾರೆ. ನನಗೆ ಹಾಗನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ನಮ್ಮಂಥವರ ಈ ಒಳ್ಳೆಯತನವನ್ನು ನಂಬಿಕೊಂಡೇ ಆ ಶೆಡ್ಡು ನಡೆಯುತ್ತಿತ್ತು. ಇನ್ನೂ ಎಷ್ಟೋ ಶೆಡ್ಡುಗಳು ನಡೆಯುತ್ತಿವೆ. ಅಪ್ಪ ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಎರಡು ತಿಂಗಳ ನಂತರ ಸ್ಕೂಲಿನ ಲ್ಯಾಬಿನ ಮುರಿದ ಸ್ಟೂಲುಗಳನ್ನು ರಿಪೇರಿಗೆ ಕೊಡಲು ಶಿವಾಜಿನಗರಕ್ಕೆ ಹೋಗಿದ್ದೆ. ಅಲ್ಲಿ ಅಪ್ಪನನ್ನು ಬಲ್ಲ ಒಬ್ಬ ವಯಸ್ಸಾದ ಬಡಗಿ ಇದ್ದಾರೆ, ಹಳೆಯ ಕುರ್ಚಿಗಳ ಕೆಲಸದವರು, ಸರೇಸು ಬಿಟ್ಟು ಬೇರೆ ಅಂಟು ಮುಟ್ಟುವುದಿಲ್ಲ. ನನ್ನನ್ನು ಕಂಡು ಬನ್ನಿ ಬೇಟಿ ಅಂದರು. ಒಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದು ತೋರಿಸಿದರು. ಅದರ ಆಚೆ ಬದಿಯ ಅವರ ಬೆರಳು ಕಾಣುವಷ್ಟು ತಿಳಿಯಾಗಿತ್ತು.

“ಈ ಮಳೆಗಾಲದಲ್ಲೂ ಹೆಂಗೈತೆ ನೋಡಿ. ನಿಮ್ದು ಅಪ್ಪಂದು ಕೈ ಅಂದ್ರೆ ಕೈ. ಸಲಾಂ ಹೇಳಿ ಅವರಿಗೆ.”

ಅಪ್ಪ ಅಲ್ಲಿಲ್ಲ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವಂಥದ್ದು ಆ ಬಿಲ್ಲೆಯಲ್ಲಿ ಏನೂ ಇರಲಿಲ್ಲ. ನಾನೂ ಹೇಳಲಿಲ್ಲ. ಹೇಳುತ್ತೇನೆ ಅಂತ ತಲೆಯಾಡಿಸಿ ಬಂದೆ.

ಮನೆಗೆ ಬಂದು ಊಟಕ್ಕೆ ಕೂತಾಗ ಅಪ್ಪನಿಗೆ ಬಡಗಿ ಸಿಕ್ಕಿದ್ದರು ಅಂದೆ. ಏನಂದ್ರು ಅಂದ. ಸರೇಸು ಕಪ್ಪಗೆ ಬರುತ್ತಿದೆಯಂತೆ, ಹಿಡಿಯುತ್ತಲೇ ಇಲ್ಲವಂತೆ, ಮೇಸ್ತ್ರಿ ಇದ್ದಾಗ ಹಾಗಿರಲಿಲ್ಲ ಅಂದರು ಅಂತ ಹೇಳಿದೆ. ಹೇಳಿ ಅವನ ಮುಖ ನೋಡಿದೆ. ಒಂದು ತೃಪ್ತಿ ಕಾಣುತ್ತದೆ ಅಂದುಕೊಂಡಿದ್ದೆ. ಅಪ್ಪ ತುತ್ತು ಕೆಳಗಿಟ್ಟ. ಪೂರ್ತಿ ಕಪ್ಪಾ, ಅಂಚು ಮಾತ್ರಾನಾ ಅಂದ. ಪೂರ್ತಿ ಅಂದೆ. ಒಡೆದರೆ ಒಳಗೆ ಗುಳ್ಳೆ ಇದೆಯಂತಾ ಅಂದ. ಇದೆಯಂತೆ ಅಂದೆ. ಎರಡನೇ ನೀರನ್ನು ಮೊದಲನೆಯದಕ್ಕೆ ಬೆರೆಸುತ್ತಿದ್ದಾನೆ, ಅವಸರಕ್ಕೆ ಕುದಿಸುತ್ತಲೂ ಇದ್ದಾನೆ ಅಂತ ತನಗೆ ತಾನೇ ಹೇಳಿಕೊಂಡು, ಅರ್ಧ ಊಟದಲ್ಲೇ ಎದ್ದು ಕೈ ತೊಳೆದ.

ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವ ಹೊತ್ತಿಗೆ ಅಪ್ಪ ಬಿಳಿ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟುತ್ತಿದ್ದ. ಖಾಕಿ ಶರ್ಟು ಮೊಳೆಯಲ್ಲೇ ಇತ್ತು. ಡ್ಯೂಟಿಗೆ ಒಂದು ದಿನ ಬರಲ್ಲ ಅಂತ ಹೇಳಿ ಕಳಿಸಿದ್ದನಂತೆ. ಎಲ್ಲಿಗೆ ಅಂದೆ. ಶೆಡ್ಡಿಗೆ ಅಂದ. ಓನರ್ ಕರೆಯದಿದ್ದರೂ ಪರವಾಗಿಲ್ಲ, ಗೇಟಿನ ಹತ್ತಿರ ಆ ಕಡಾಯಿಯವನನ್ನು ಕರೆಸಿ ಎರಡು ಮಾತು ಹೇಳಿ ಬಂದುಬಿಡುತ್ತೇನೆ ಅಂದ. ಅಪ್ಪನ ಮುಖ ಎಷ್ಟೋ ತಿಂಗಳ ಮೇಲೆ ಅಷ್ಟು ಚುರುಕಾಗಿತ್ತು.

ಆ ಗೇಟಿನಲ್ಲಿ ಏನಾಗುತ್ತದೆ ಅಂತ ನನಗೆ ಕಾಣುತ್ತಿತ್ತು. ಯಾದಗಿರಿಯವನು ತಿಳಿಯಾದ ಒಂದು ಬಿಲ್ಲೆ ತಂದು ಅಪ್ಪನ ಕೈಯಲ್ಲಿಡುತ್ತಾನೆ.

“ಅಪ್ಪ, ನಾನು ಸುಳ್ಳು ಹೇಳ್ದೆ,” ಅಂದೆ. “ಚೆನ್ನಾಗಿ ಬರ್ತಿದೆಯಂತೆ. ನೀನು ಮಾಡ್ತಿದ್ದ ಹಾಗೇ ಇದೆಯಂತೆ.”

“ಹಾಗೇ ಇದೆಯಾ?”

“ನಾನೇ ನೋಡ್ದೆ. ಹಾಗೇ ಇದೆ.”

ಅಪ್ಪ ಸ್ವಲ್ಪ ಹೊತ್ತು ಒಂದೇ ಚಪ್ಪಲಿಯಲ್ಲಿ ನಿಂತಿದ್ದ. ಆಮೇಲೆ ಒಳಗೆ ಬಂದು, ಬಿಳಿ ಶರ್ಟಿನ ಗುಂಡಿ ಒಂದೊಂದಾಗಿ ಬಿಚ್ಚಿ, ಮಡಚಿ ಟ್ರಂಕಿನ ಮೇಲಿಟ್ಟು, ಖಾಕಿ ಶರ್ಟು ತೆಗೆದುಕೊಂಡ.